ಕಾಸರಕನ ಬುಡದ ಮೊಳೆ

"ಆ ಮೊಳೆ ಮುಟ್ಟಬೇಡ ಮಗ. ಅಲ್ಲಿ ಕಟ್ಟು ಉಂಟು."

ಮುದುಕಿ ನಳಿನಾಕ್ಷಿ ಹೇಳಿದ್ದು ಇಷ್ಟೇ. ಅದೂ ಒಣಗಿದ ಬಾಳೆಯೆಲೆ ಗೋಡೆಗೆ ಸವರಿದಷ್ಟು ಸಣ್ಣ ದನಿಯಲ್ಲಿ. ದುರ್ಗೇಶ ಹಸಿರು ವಯರಿನ ಸುರುಳಿಯನ್ನು ಹೆಗಲಿಗೇರಿಸಿ, ಕಿವಿಗೆ ಕೈ ಹಚ್ಚಿ, ಬೇಕೆಂದೇ ಅಂಗಳ ನಡುಗುವಂತೆ ಕೂಗಿದ.

"ಏನಂದ್ರಿ ಅಜ್ಜಿ? ಗಂಟಲಾಗ ಬೆಕ್ಕು ಕುಂತೈತೇನು? ಜೋರಾಗಿ ಹೇಳ್ರಿ!"

ಮುದುಕಿ ಗಂಟಲಿನ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದಳು.

ಅವನ ಸಿಟ್ಟು ಅವಳ ಮೇಲಿನದಲ್ಲ. ಬೆಳಗಿನಿಂದ ಶಂಕರಪುರದ ಈ ಮನೆಯಲ್ಲಿ ಒಂದು ಹಳೆಯ ಪೆಂಟಿಯಂ ಕಂಪ್ಯೂಟರಿನ ಹೊಟ್ಟೆ ಬಗೆಯುತ್ತ ಕೂತಿದ್ದ. ಸಿಡಿಲಿಗೆ ಸುಟ್ಟ ಮೋಡೆಮ್ ಕಿತ್ತು ಹೊಸದು ಕೂರಿಸಿದ್ದಾಯಿತು. ಹಳೆಯ ಡ್ರೈವರ್ ಅಳಿಸಿ, ಸೀಡಿಯಿಂದ ಹೊಸದು ಹಾಕಿದ್ದಾಯಿತು. ಕಾರ್ಡಿನ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಪಕ್ಕದ ಸ್ಲಾಟಿಗೆ ಬದಲಾಯಿಸಿದ್ದೂ ಆಯಿತು. ಪ್ರತಿ ಸಲವೂ ಪರದೆಯ ಮೇಲೆ ಅದೇ ಉತ್ತರ: ಡಯಲ್ ಟೋನ್ ಇಲ್ಲ. ಫೋನ್ ಎತ್ತಿದರೆ ಟೋನ್ ಇತ್ತು, ಆದರೆ ಅದರಡಿಯಲ್ಲಿ ಜೇನುಗೂಡಿನಂಥ ಗುಂಯ್ ಸದ್ದು. ಕಂಪ್ಯೂಟರಿನ ಡಬ್ಬ ಮುಟ್ಟಿದರೆ ಬೆರಳಿಗೆ ಚುರ್ರೆಂದು ಶಾಕು. ಆ ಕರೆಂಟನ್ನು ನೆಲಕ್ಕೆ ಇಳಿಸಲು ಮನೆಗೆ ಅರ್ಥಿಂಗೇ ಇರಲಿಲ್ಲ. ತಾನೇ ಒಂದು ಸರಳು ಹೊಡೆಯಲು ಹೋದರೆ ಮುರಕಲ್ಲಿನ ನೆಲದಲ್ಲಿ ಸರಳೇ ಬಾಗಿತು.

ಮಧ್ಯಾಹ್ನ ಮಣಿಪಾಲದ ಅಂಗಡಿಯಿಂದ ಯಜಮಾನ ಫೋನ್ ಮಾಡಿದ್ದ. "ಇವತ್ತು ಕನೆಕ್ಟ್ ಆಗದಿದ್ದರೆ ನಾಳೆಯಿಂದ ಬರುವುದೇ ಬೇಡ. ಎಸ್ಸೆಸ್ಸೆಲ್ಸಿ ಫೇಲಾದವನನ್ನು ಇಟ್ಟುಕೊಂಡದ್ದು ನನ್ನ ತಪ್ಪು."

ಫೇಲು. ಆ ಶಬ್ದ ಕೇಳಿದರೆ ದುರ್ಗೇಶನ ದವಡೆ ಬಿಗಿಯುತ್ತಿತ್ತು. ಬಾಗಲಕೋಟೆಯಿಂದ ಬಂದ ದಿನದಿಂದ ಅವನನ್ನು ಬದುಕಿಸಿದ್ದು ಅಂಕಪಟ್ಟಿಯಲ್ಲ, ಬಾಯಿ. ಜಗಳಕ್ಕೆ ನಿಂತರೆ ರಸ್ತೆಯ ಆ ಬದಿಗೆ ಕೇಳುವ ದನಿ ಅವನದು. ಉಡುಪಿಯ ಕಡಿಯಾಳಿಯಲ್ಲಿ ಏಳುತ್ತಿದ್ದ ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವನ ಅವ್ವ ಭಾಗವ್ವ ಇದ್ದಳು. ಹಗಲೆಲ್ಲ ಗಾರೆ ಹೊರುವವಳು, ಹೊತ್ತು ಮುಳುಗಿದರೆ ಕಣ್ಣು ಕಾಣದವಳು. ಹೋದ ತಿಂಗಳು ಯಾವನೋ ಕುಡುಕ ಪಕ್ಕದ ಶೆಡ್ಡಿಗೆ ನುಗ್ಗಿ ಒಬ್ಬಳ ತಲೆ ಒಡೆದಿದ್ದ. ಅಂದೇ ದುರ್ಗೇಶ ಅವ್ವನ ತಲೆದಿಂಬಿನಡಿ ಕುಡಗೋಲು ಇಟ್ಟು ಹೇಳಿದ್ದ: "ಕತ್ತಲಾದ ಮ್ಯಾಲ ನನ್ನ ದನಿ ಕೇಳಿದ್ರಷ್ಟ ಬಾಗಲಾ ತಗೀಬೇಕು. ಯಾರ ಬಡದ್ರೂ ತಗೀಬ್ಯಾಡ." ಅಂದಿನಿಂದ ಪ್ರತಿ ಸಂಜೆ ಶೆಡ್ಡಿನ ಮುಂದೆ ನಿಂತು "ಯವ್ವಾ, ನಾ ಬಂದೇನಿ" ಎಂದು ಕೂಗುವುದು, ಒಳಗೆ ಅಗಳಿ ಸರಿಯುವುದು.

ಮನೆಯ ಸೊಸೆ ಕುಶಲಾ ಮಲ್ಲಿಗೆಯ ಬುಟ್ಟಿ ಎತ್ತಿಕೊಂಡು ಹೊರಗೆ ಬಂದಳು. ಅವಳ ಗಂಡ ಸುಂದರ ಮಸ್ಕತ್ತಿನಲ್ಲಿದ್ದ. ಅವನು ಮಾತಾಡಬೇಕು, ಮಗಳು ಕೇಳಬೇಕು, ಅದಕ್ಕೇ ಈ ಕಂಪ್ಯೂಟರು. ಕಾಸರಕನ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತವನನ್ನು ನೋಡಿ ಅವಳು ನಿಂತಳು.

"ಅಲ್ಲಿ ಬೇಡ ಮಾರಾಯ್ರೆ. ಜಾಗದ ಕೇಸಿನಲ್ಲಿ ಅತ್ತೆ ಸಾಕ್ಷಿ ಹೇಳಬಾರದು ಅಂತ ಎದುರು ಪಾರ್ಟಿಯವರು ಬಾಯಿ ಕಟ್ಟುವ ಮಾಟ ಮಾಡಿಸಿದ್ದರು. ಕಾರ್ಕಳ ಕಡೆಯಿಂದ ಒಬ್ಬರು ಮಂತ್ರವಾದಿ ಬಂದು ಅದನ್ನು ಈ ಮೊಳೆಗೆ ಇಳಿಸಿ ಹೋದದ್ದು. ಜೀವ ಉಳಿಯಿತು. ಸ್ವರ ಮಾತ್ರ ಅದರ ಹತ್ತಿರವೇ ಉಳಿಯಿತು."

"ನಿಮ್ಮತ್ತಿ ದನಿ ಮೊಳಿಯಾಗೈತಾ?" ದುರ್ಗೇಶ ತೊಡೆ ತಟ್ಟಿ ನಕ್ಕ. "ಹಂಗಾರ ಟೇಪ್‌ರೆಕಾರ್ಡರ್ ಹಚ್ಚೂಣಲ್ರೀ!"

"ನಗುವ ವಿಷಯ ಅಲ್ಲ. ಬೇರೆ ಎಲ್ಲಿಯಾದರೂ ಹಾಕಿ. ನಾನು ಹೂ ಕೊಟ್ಟು ಈಗ ಬಂದೆ."

ಅವಳು ಗೇಟು ದಾಟುವುದನ್ನೇ ಕಾದು ಅವನು ಬ್ಲೇಡು ತೆಗೆದ.

ನೆಲಕ್ಕೆ ಹೊಡೆದಿದ್ದ ಮೊಳೆ ಹೆಬ್ಬೆರಳಿನಷ್ಟು ದಪ್ಪವಿತ್ತು. ಮೈತುಂಬ ಹಳೆಯ ಎಣ್ಣೆಯ ಕಪ್ಪು, ಕೊಳೆತ ಕೆಂಪು ನೂಲು, ಮಡಿಚಿದ ತಾಮ್ರದ ತಗಡು. ಸುತ್ತಲಿನ ನೆಲವೆಲ್ಲ ಒಣಗಿ ಬಿರಿದಿದ್ದರೂ ಅದರ ಬುಡ ಮಾತ್ರ ಹಸಿಯಾಗಿತ್ತು, ಉಗುಳಿದಂತೆ. ಇದಕ್ಕಿಂತ ಒಳ್ಳೆಯ ಅರ್ಥಿಂಗ್ ಎಲ್ಲಿ ಸಿಗಬೇಕು? ನೂಲು ಹರಿದು ಬಿಸಾಡಿದ. ತುಕ್ಕು ಹೆರೆದಾಗ ಕೂದಲು ಸುಟ್ಟ ವಾಸನೆ ಎದ್ದು ಮಲ್ಲಿಗೆಯ ಕಂಪನ್ನೆಲ್ಲ ಮುಚ್ಚಿತು. ಹೊಳೆವ ಕಬ್ಬಿಣಕ್ಕೆ ತಾಮ್ರದ ಎಳೆ ಬಿಗಿದು, ಇನ್ನೊಂದು ತುದಿಯನ್ನು ಕಿಟಕಿಯಿಂದ ಒಳಗೆಳೆದು ಡಬ್ಬದ ಸ್ಕ್ರೂಗೆ ಕಟ್ಟಿದ. ಹೊರಗೆ ಚೀರುತ್ತಿದ್ದ ಹುಳುಗಳು ಒಮ್ಮೆಲೇ ನಿಂತವು.

ಡಬ್ಬ ಮುಟ್ಟಿದ. ಶಾಕಿಲ್ಲ. ಫೋನಿನ ಗುಂಯ್ ಸದ್ದೂ ಇಲ್ಲ.

"ನೋಡ್ರಿ ಅಜ್ಜಿ, ನಿಮ್ಮ ಭೂತ ನನ್ನ ಕೆಲಸಾ ಮಾಡಿಕೊಡ್ತು!"

ಡಯಲ್ ಒತ್ತಿದ. ಟೋನ್ ಬಂತು. ನಂಬರುಗಳು ಪಟಪಟನೆ ಬಿದ್ದವು. ಇನ್ನು ಮೋಡೆಮ್ ಸಿಳ್ಳೆ ಹಾಕಬೇಕು, ಕೊರೆಯಬೇಕು, ಕೂಡಿಕೊಳ್ಳಬೇಕು. ಹಾಗೆ ಆಗಲಿಲ್ಲ. ಸ್ಪೀಕರಿನೊಳಗೆ ಯಾರೋ ಗಂಟಲು ಸರಿಪಡಿಸಿಕೊಂಡರು.

ಆಮೇಲೆ ಒಂದು ಹೆಣ್ಣು ದನಿ. ತುಂಬಿದ ದನಿ, ಕಂಚಿನ ಗಂಟೆಯಂಥದು. ತುಳುವಿನಲ್ಲಿ ಹೇಳುತ್ತಿತ್ತು: ಈ ಜಾಗ ನಮ್ಮದು, ನನ್ನ ಗಂಡ ಅಗೆದದ್ದು, ದೇವರ ಮೇಲಾಣೆ. ಕೋರ್ಟಿನಲ್ಲಿ ಹೇಳುವಂತೆ.

ಅಡಿಗೆಮನೆಯಲ್ಲಿ ಪಾತ್ರೆ ಬಿತ್ತು. ನಳಿನಾಕ್ಷಿ ಬಾಗಿಲಿಗೆ ಬಂದು ನಿಂತಳು. ಅವಳ ತುಟಿಗಳು ಆ ದನಿಯ ಜತೆಗೇ ಅಲುಗುತ್ತಿದ್ದವು. ಒಂದಕ್ಷರವೂ ತಪ್ಪದೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ದುರ್ಗೇಶ ಕೈ ಚಾಚಿ ಪ್ಲಗ್ಗು ಕಿತ್ತ. ಪರದೆ ಕಪ್ಪಾಯಿತು. ಫ್ಯಾನು ನಿಂತಿತು.

ದನಿ ನಿಲ್ಲಲಿಲ್ಲ.

"ಚೈತಾಲಿ," ಎಂದಿತು ಅದು, ಮೆಲ್ಲಗೆ, ಅಕ್ಕರೆಯಿಂದ. "ಬಲ ಮಗಾ, ಬಲ. ಫೋನ್ ದೆಪ್ಪು."

ಒಳಕೋಣೆಯಿಂದ ಮೊಮ್ಮಗಳು ಚೈತಾಲಿ ಓಡಿ ಬಂದಳು. "ಅಜ್ಜಿ, ಯಾರು ಕರೆಯುವುದು?" ಫೋನು ಎತ್ತಲು ಹೇಳುತ್ತಿದ್ದ ಆ ದನಿಯನ್ನು ಮಗು ಹುಟ್ಟಿದ ಮೇಲೆ ಕೇಳಿದ್ದೇ ಇಲ್ಲ. ನಳಿನಾಕ್ಷಿ ಬೇಡ ಎಂದಳು. ಬಾಯಿ ತೆರೆದದ್ದಷ್ಟೇ ಕಂಡಿತು. ಮಗು ರಿಸೀವರಿಗೆ ಕೈ ಹಾಕಿತು, ಎತ್ತಿತು, ಬಾಯಿಯ ಹತ್ತಿರ ತಂದಿತು.

ದುರ್ಗೇಶ ಕಸಿದುಕೊಂಡ. ಅಂಜಿಕೆ ಹುಟ್ಟಿದಾಗ ಅವನಿಗೆ ಬರುತ್ತಿದ್ದದ್ದು ಒಂದೇ, ಬೈಗುಳ.

"ಯಾರ್ಲೇ ಅದು! ಧೈರ್ಯ ಇದ್ರ ನನ್ನ ಕೂಡ ಮಾತಾಡ!"

ರಿಸೀವರಿನಲ್ಲಿ ಉಸಿರು ಎಳೆದುಕೊಳ್ಳುವ ಸದ್ದು. ಅವನ ಗಂಟಲಿನ ಆಳದಿಂದ ಏನೋ ಜಾರತೊಡಗಿತು, ಹೂಕಟ್ಟಿನಿಂದ ಬಾಳೆನಾರು ಎಳೆದಂತೆ, ಉದ್ದಕ್ಕೆ, ಸಲೀಸಾಗಿ. ನೋವಿರಲಿಲ್ಲ. ನಾಲಗೆಯ ಮೇಲೆ ತುಕ್ಕಿನ ರುಚಿ ಮಾತ್ರ.

ಮತ್ತೆ ಕೂಗಿದ. ಏನೂ ಬರಲಿಲ್ಲ. ಗಾಳಿ. ಬರೀ ಗಾಳಿ.

ರಿಸೀವರಿನೊಳಗೆ ಯಾರೋ ಮೆಲ್ಲಗೆ ಹೇಳಿದರು: "ಯಾರ್ಲೇ ಅದು."

ಅವನದೇ ದನಿ.

"ಯಾರ್ಲೇ ಅದು," ಎಂದಿತು ಮತ್ತೊಮ್ಮೆ, ಹೊಸ ಚಪ್ಪಲಿ ಮೆಟ್ಟಿ ನೋಡುವವರ ಹಾಗೆ. "ಯವ್ವಾ. ಯವ್ವಾ, ನಾ ಬಂದೇನಿ."

ಅವನು ರಿಸೀವರ್ ಬಿಸಾಡಿ ಕಟರ್ ಹಿಡಿದು ಅಂಗಳಕ್ಕೆ ಓಡಿದ. ಕಾಪು ಕಡೆಯ ಆಕಾಶ ಕಪ್ಪಿಟ್ಟಿತ್ತು, ಗುಡುಗು ಉರುಳುತ್ತಿತ್ತು. ನಳಿನಾಕ್ಷಿ ಹಿಂದೆಯೇ ಬಂದಳು, ಅಂಗಿ ಹಿಡಿದು ಜಗ್ಗಿದಳು. "ಕಡಿಯಬೇಡ ಮಗ. ಅದು ವಯರಿನಲ್ಲೇ ವಾಪಸ್ ಮೊಳೆಗೆ ಇಳಿಯಬೇಕು. ಕಡಿದರೆ ಹೊರಗೇ ಉಳಿಯುತ್ತದೆ." ಆ ಪಿಸುಮಾತು ಗುಡುಗಿನಲ್ಲಿ ಮುಳುಗಿತು. ಅವಳನ್ನು ಕೊಡವಿಕೊಂಡು ಅವನು ಹಸಿರು ವಯರನ್ನು ಕಡಿದುಬಿಟ್ಟ.

ಮೊಳೆ ಸುಮ್ಮನಿತ್ತು. ಮನೆಯ ಸೂರಿನಿಂದ ರಸ್ತೆಗೆ ಹೋಗುವ ಫೋನಿನ ತಂತಿ ಮಾತ್ರ ಒಮ್ಮೆ ಕಂಪಿಸಿತು. ಅದರ ಮೇಲೆ ಕೂತಿದ್ದ ಹಕ್ಕಿಗಳು ಚೀರಿ ಎದ್ದವು. ಆಮೇಲೆ ಮುಂದಿನ ಕಂಬದ ಹಕ್ಕಿಗಳು. ಅದರ ಮುಂದಿನ ಕಂಬದವು. ಹಾಗೇ ಉಡುಪಿಯ ಕಡೆಗೆ.

ನಳಿನಾಕ್ಷಿ ಮಗುವನ್ನು ತಬ್ಬಿ ಮೆಟ್ಟಿಲ ಮೇಲೆ ಕುಸಿದಳು. "ಅಜ್ಜೀ," ಎಂದು ಅಳುತ್ತಿತ್ತು ಮಗು, ಗಟ್ಟಿಯಾಗಿ. ಅದರ ದನಿ ಉಳಿದಿತ್ತು.

ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ?" ಎಂದು ಕೇಳಿ ಕೇಳಿ ಸಾಕಾಗಿ, "ಕುಡಿದದ್ದು ಜಾಸ್ತಿ ಆಗಿದೆ" ಎಂದು ಪಕ್ಕದವರಿಗೆ ಹೇಳಿ ನಕ್ಕ. ದುರ್ಗೇಶ ಕಿಟಕಿಯಾಚೆ ಓಡುವ ತಂತಿಯನ್ನೇ ನೋಡುತ್ತಿದ್ದ. ಅದು ಬಸ್ಸಿಗಿಂತ ಮುಂದಿತ್ತು.

ಕಡಿಯಾಳಿಯಲ್ಲಿ ಇಳಿದಾಗ ಕತ್ತಲು ಕೂಡಿತ್ತು, ಕರೆಂಟಿರಲಿಲ್ಲ. ಶೆಡ್ಡುಗಳ ಪಕ್ಕದ ಇಮೆಲ್ಡಾಳ ಎಸ್‌ಟಿಡಿ ಬೂತಿಗೆ ಆಗಲೇ ಬೀಗ ಬಿದ್ದಿತ್ತು. ಹಸಿ ಸಿಮೆಂಟಿನ ವಾಸನೆಯಲ್ಲಿ ತಡಕಾಡುತ್ತ ಅವನು ತಮ್ಮ ಶೆಡ್ಡಿನ ತಗಡಿನ ಬಾಗಿಲು ಬಡಿದ.

"ಯಾರ?" ಭಾಗವ್ವನ ದನಿ.

ಅವನು ಬಾಯಿ ತೆರೆದ. ಮತ್ತೆ ಬಡಿದ.

"ಯಾರಂತ ಕೇಳಾಕತ್ತೇನಿ. ಮಾತಾಡ!"

ಎರಡೂ ಕೈಯಿಂದ ಬಡಿದ. ಒಳಗೆ ದಿಂಬು ಸರಿದ ಸದ್ದು.

"ಗೊತ್ತೈತಿ ನನಗ," ಎಂದಳು ಅವ್ವ. ದನಿ ನಡುಗುತ್ತಿತ್ತು. "ಹೊತ್ತ ಮುಳಗೂ ಮುಂದ ಇಮೆಲ್ಡಾ ಬಾಯಾರ ಬೂತಿಗೆ ಫೋನ್ ಮಾಡಿ ಹೇಳ್ಯಾನ ನನ್ನ ಮಗ. ಯವ್ವಾ, ಕತ್ತಲಾದ ಮ್ಯಾಲ ಒಬ್ಬಾಂವ ಬರ್ತಾನ, ಮಾತಾಡಂಗಿಲ್ಲ, ಅಂವಗ ಬಾಗಲಾ ತಗೀಬ್ಯಾಡ ಅಂದಾನ."

ದುರ್ಗೇಶ ತಗಡಿನ ಸಂದಿಯಲ್ಲಿ ಕೈ ತೂರಿಸಿದ. ಬೆರಳು ಮುಟ್ಟಿದರೆ ಗೊತ್ತಾಗುತ್ತದೆ. ಹೆತ್ತವಳಿಗೆ ಗೊತ್ತಾಗದೆ ಇರುತ್ತದೆಯೇ? ಕತ್ತಲಲ್ಲಿ ಅವಳ ಸೆರಗಿನ ತುದಿ ಸಿಕ್ಕಿತು. ಹಿಡಿದ.

ಅವಳು ಕಿರುಚಿದಳು. ಕುಡಗೋಲು ಅವನ ಕೈಮೇಲೆ ಬಿತ್ತು.

ಅವನು ಕೈಯನ್ನು ಎದೆಗೊತ್ತಿಕೊಂಡು ಮಣ್ಣಿನಲ್ಲಿ ಉರುಳಿದ. ಬೆಚ್ಚಗಿನದು ಮೊಣಕೈವರೆಗೆ ಹರಿಯಿತು. ಅಷ್ಟೂ ನೋವಿಗೆ ಗಂಟಲಿನಿಂದ ಹೊರಟದ್ದು ಗಾಳಿ.

ಬೀಗ ಹಾಕಿದ ಬೂತಿನೊಳಗೆ ಫೋನು ರಿಂಗಾಗತೊಡಗಿತು.

ತಗಡಿನಾಚೆ ಏದುಸಿರು ಮೆಲ್ಲಗೆ ತಗ್ಗಿತು. "ಕೇಳಿದೇನೋ ಭಾಡ್ಯಾ?" ಎಂದಳು ಭಾಗವ್ವ, ಧೈರ್ಯ ತಂದುಕೊಂಡು. "ಅಂವ ನನ್ನ ಮಗ."