ಕಳ್ಳತನ ನಿಂತ ಎರಡು ದಿನ

2024ರ ಜನವರಿ 9, ಮಂಗಳವಾರ, ಬೆಳಿಗ್ಗೆ 8 ಗಂಟೆ 40 ನಿಮಿಷ. ಮಾಲ್ಟಾದ ಗ್ಜೀರಾ ಊರಿನ ಕಡಲದಂಡೆಯ ತನ್ನ ಕಚೇರಿಯಲ್ಲಿ ರೊಮೀನಾ ಬೆಜ್ಜೀನಾ ಎರಡು ಲೆಕ್ಕಗಳನ್ನು — ತಾನು ಕ್ಯಾಸಿನೊಗೆ ಕಳಿಸಿದವರದು, ಕ್ಯಾಸಿನೊ ತನ್ನ ಹೆಸರಿಗೆ ಬರೆದುಕೊಂಡವರದು — ಪಕ್ಕಪಕ್ಕ ಇಟ್ಟು ನೋಡಿದಳು. ಅವು ತಾಳೆಯಾಗಲಿಲ್ಲ.

ಅವಳ ವೆಬ್‌ತಾಣ ಆನ್‌ಲೈನ್ ಕ್ಯಾಸಿನೊಗಳ ಗುಣದೋಷ ಬರೆಯುತ್ತದೆ. ಅದನ್ನು ಓದಿದವರು ಅಲ್ಲಿನ ಲಿಂಕ್ ಒತ್ತಿ ಕ್ಯಾಸಿನೊಗೆ ಹೋಗಿ ಖಾತೆ ತೆರೆದರೆ ಅವಳಿಗೆ ಕಮಿಷನ್. ಲಿಂಕಿನೊಳಗೆ ಅವಳ ನಂಬರ್ ಇರುತ್ತದೆ — ಹೋಗುವವನ ಕೈಗೆ ‘ಕಳಿಸಿದವರು ಇಂಥವರು’ ಎಂದು ಚೀಟಿ ಕೊಟ್ಟ ಹಾಗೆ. ಕಳೆದ ಮೇ ತಿಂಗಳಿನಿಂದ ನೂರು ಜನ ಹೋದರೆ ಎಂಬತ್ತು ಜನರ ಕೈಯಲ್ಲಿ ಮಾತ್ರ ಅವಳ ಚೀಟಿ. ಉಳಿದವರ ಕೈಯಲ್ಲಿ ಬೇರೆ ಯಾರದೋ!

ಯಾರದು? ಕ್ಯಾಸಿನೊದವರು ಹೇಳಲೊಪ್ಪಲಿಲ್ಲ. ನಿಯಮ ಅಡ್ಡ. “ನೀವೇ ಒಂದು ಹೆಸರು ಹೇಳಿ. ಹೌದು ಅಥವಾ ಅಲ್ಲ, ಅಷ್ಟು ಮಾತ್ರ ತಿಳಿಸ್ತೀವಿ. ಒಂದೇ ಸಲ.”

ಮಧ್ಯಾಹ್ನದ ಹೊತ್ತಿಗೆ ಮಿಸ್ ಜೆರಾಫಾ ಜೊತೆ ನಾನು ಅಲ್ಲಿದ್ದೆ. ಆಕೆ ಹಿಂದೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವರು. ಈಗ ಇಂಥ ಲೆಕ್ಕಗಳನ್ನು ಶೋಧಿಸುತ್ತಾರೆ. ಅರ್ಧ ಮಾಲ್ಟಾಕ್ಕೆ ಆಕೆ ಇನ್ನೂ ‘ಮಿಸ್’. ನಾನು ಆಕೆಯ ಸಹಾಯಕ.

“ಲಿಂಕ್ ನೋಡಿಕೊಳ್ಳೋದು ಸ್ಲಾವಿತ್ಸಾ ಒಬ್ಬಳೇ,” ಎಂದಳು ರೊಮೀನಾ. “ಬದಲಾವಣೆ ಆಗಿರೋದೂ ಅವಳ ಹೆಸರಲ್ಲೇ. ಶುಕ್ರವಾರ ಅವಳನ್ನ ಕಳಿಸಿಬಿಡ್ತೀನಿ.”

“ಕಳಿಸಿದ್ರೆ ಅವಳ ಕೆಲಸದ ಪರ್ಮಿಟ್?”

“ಹತ್ತು ದಿನದಲ್ಲಿ ಬೇರೆ ಕೆಲಸ ಸಿಗದಿದ್ರೆ ಸರ್ಬಿಯಾಕ್ಕೆ ವಾಪಸ್. ನಾನೇನ್ ಮಾಡ್ಲಿ ಮಿಸ್?”

ನಾವು ಮೇಜಿನ ಬಳಿ ಹೋದಾಗ ಸ್ಲಾವಿತ್ಸಾ ಅತ್ತಿರಲಿಲ್ಲ. ಆದರೆ ಅದರ ಮೇಲಿದ್ದ ಮಗಳ ಫೋಟೊ ಆಗಲೇ ಚೀಲ ಸೇರಿತ್ತು.

“ಒಂದೇ ಲಿಂಕ್‌ನಿಂದ ಕೆಲವರನ್ನ ಈ ಪುಟಕ್ಕೆ, ಕೆಲವರನ್ನ ಆ ಪುಟಕ್ಕೆ ಕಳಿಸೋ ಕವಲು ಇದೆ,” ಎಂದಳು. “ಯಾವ ಪುಟ ಜನಕ್ಕೆ ಹಿಡಿಸುತ್ತೆ ಅಂತ ನೋಡೋಕೆ ನಾನೇ ಮಾಡಿದ್ದು. ಯಾರೋ ಅದರಲ್ಲಿ ಐದರಲ್ಲೊಂದು ಪಾಲಿಗೆ ತಮ್ಮ ನಂಬರ್ ಹಾಕಿದ್ದಾರೆ.”

“ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತು?”

“ಆಂಜ್ಲುಗೆ, ವಿಸ್ತಿನ್‌ಗೆ. ನಾನು ರಜದಲ್ಲಿದ್ದಾಗ ಕೆಲಸ ನಿಲ್ಲಬಾರದಲ್ಲ!”

ಆ ಇಬ್ಬರೂ ಎದುರು ಮೇಜಿನಲ್ಲಿ ಬಟಾಣಿ ತುಂಬಿ ಬೇಯಿಸಿದ ಗರಿಗರಿ ಪಸ್ತಿತ್ಸಿ ತಿನ್ನುತ್ತಿದ್ದರು. ವಿಸ್ತಿನ್ ತಾಣಕ್ಕೆ ಬರೆಯುವವನು. ಆಂಜ್ಲು ಕ್ಯಾಸಿನೊಗಳ ಜೊತೆ ವ್ಯವಹಾರ ಕುದುರಿಸುವವನು. ಅವನ ಎಡಗೈಯ ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು.

“ಪಟಾಕಿಗೆ ಬೆರಳು ದಾನ ಮಾಡಿದ ಪುಣ್ಯಾತ್ಮ, ನೋಡಿ ಮಿಸ್,” ಎಂದ ವಿಸ್ತಿನ್. “ಇವರೂರ ಹಬ್ಬದಲ್ಲಿ ಸದ್ದು ಜಾಸ್ತಿ, ಬೆಳಕು ಕಮ್ಮಿ.”

“ಹೋಗೋ ಮಾರಾಯ! ನಿಮ್ಮ ಬಿರ್ಗು ಊರಿನವರು ಮೊದಲು ಬ್ಯಾಂಡ್ ಒಂದೇ ತಾಳದಲ್ಲಿ ಬಾರಿಸ್ಲಿ,” ಎಂದ ಆಂಜ್ಲು.

ಮಿಸ್ ನಕ್ಕರು. ಒಂದು ಪಸ್ತಿತ್ಸಿ ತೆಗೆದುಕೊಂಡು ಕೇಳಿದರು: “ನಿಮ್ಮೂರ ಹಬ್ಬ ಯಾವತ್ತು, ವಿಸ್ತಿನ್?”

“ನಮ್ಮೂರ ಸಂತ ಸಾನ್ ಲಾವ್ರೆಂಜು. ಆಗಸ್ಟ್ ಹತ್ತು. ಅದೂ ಗೊತ್ತಿಲ್ವಾ ಮಿಸ್?”

“ಸ್ಲಾವಿತ್ಸಾ, ನಿಮ್ಮ ಕಡೆಯೂ ಮನೆಗೊಬ್ಬ ಸಂತ ಇರ್ತಾನಲ್ಲ?”

“ನಮ್ಮ ಮನೆಗೆ ಸ್ವೇತಿ ನಿಕೋಲಾ. ಡಿಸೆಂಬರ್ ಹತ್ತೊಂಬತ್ತು,” ಎಂದಳು ಅವಳು, ಅರ್ಥವಾಗದೆ.

ಆಂಜ್ಲುವನ್ನು ಆಕೆ ಏನೂ ಕೇಳಲಿಲ್ಲ. ನನ್ನತ್ತ ತಿರುಗಿ, “ನಿನ್ನ ನಕ್ಷೆ ಕೊಡು,” ಎಂದರು.

ನಾನು ತಿಂಗಳುವಾರು ಸರಾಸರಿ ತೆಗೆದಿದ್ದೆ. ಎಲ್ಲ ತಿಂಗಳೂ ಹೆಚ್ಚುಕಮ್ಮಿ ಐದರಲ್ಲೊಂದು. ಅದರಿಂದ ಏನೂ ತಿಳಿಯುವಂತಿರಲಿಲ್ಲ.

“ಸರಾಸರಿ ಎಲ್ಲವನ್ನೂ ಕಲಸಿಬಿಡುತ್ತೆ. ದಿನವಾರು ಬಿಡಿಸು.”

ಬಿಡಿಸಿದೆ. ಎತ್ತರದ ಗೆರೆಯಲ್ಲಿ ಎರಡು ಹಲ್ಲು ಬಿದ್ದಂಥ ಜಾಗ. ಜೂನ್ 18ರ ಭಾನುವಾರ. ನವೆಂಬರ್ 25ರ ಶನಿವಾರ. ಆ ಎರಡು ದಿನ ಒಬ್ಬರೂ ಕಳುವಾಗಿರಲಿಲ್ಲ.

“ಯಂತ್ರ ಕೈಕೊಟ್ಟಿರಬೇಕು,” ಎಂದೆ.

“ಯಂತ್ರ ಕೆಟ್ಟರೆ ನಡುಮಧ್ಯಾಹ್ನವೂ ಕೆಡುತ್ತೆ. ಇಲ್ಲಿ ಹಿಂದಿನ ಸಂಜೆ ಯಾರೋ ಕವಲು ಮುಚ್ಚಿದ್ದಾರೆ, ಮರುದಿನ ಬೆಳಿಗ್ಗೆ ತೆರೆದಿದ್ದಾರೆ. ಎರಡು ಸಲವೂ ಹಾಗೇ. ಯಾಕೆ?”

ಉತ್ತರ ಹೊಳೆಯಲಿಲ್ಲ. ನಾನೂ ಇದೇ ದ್ವೀಪದಲ್ಲಿ ಹುಟ್ಟಿದವನು!

ಮಿಸ್ ಎಲ್ಲರನ್ನೂ ಒಳಕೋಣೆಗೆ ಕರೆದರು.

“ನಾವೆಲ್ಲ ಕಳ್ಳತನ ನಡೆದ ದಿನಗಳನ್ನೇ ನೋಡ್ತಿದ್ವಿ. ನಡೆಯದ ದಿನಗಳು ಕಣ್ಣಿಗೆ ಬೀಳಲಿಲ್ಲ. ಕೈಗೆ ಸಿಕ್ಕಿದ್ದನ್ನ ಎರಡೇ ದಿನ ಬಿಡೋ ಕಳ್ಳ ಎಂಥವನು? ಆ ದಿನಗಳಿಗೆ ಹೆದರೋನು. ಸ್ಲಾವಿತ್ಸಾಳ ಮನೆಯ ಸಂತನ ದಿನ ಡಿಸೆಂಬರ್ 19 — ಅವತ್ತು ಎಂದಿನಂತೆ ಐದರಲ್ಲೊಂದು ಹೋಗಿದೆ. ವಿಸ್ತಿನ್‌ನ ಆಗಸ್ಟ್ 10ರಲ್ಲೂ ಹೋಗಿದೆ. ಜೂನ್ ತಿಂಗಳ ಮೂರನೇ ಭಾನುವಾರ ಸಾಂತಾ ಕತರೀನಾಳ ಮೂರ್ತಿ ಹೊರಗೆ ಬರೋದು ಒಂದೇ ಊರಲ್ಲಿ — ಜೆಯ್ತುನ್‌ನಲ್ಲಿ. ನವೆಂಬರ್ 25 ಚರ್ಚಿನ ಪಂಚಾಂಗದ ಪ್ರಕಾರ ಅದೇ ಕತರೀನಾಳ ದಿನ. ಅವತ್ತು ಪಟಾಕಿ ಇಲ್ಲ, ಬ್ಯಾಂಡ್ ಇಲ್ಲ. ಮನಸ್ಸಿಟ್ಟು ನಡೆದುಕೊಳ್ಳೋ ಭಕ್ತರಿಗೆ ಮಾತ್ರ ಅದು ನೆನಪಿರುತ್ತೆ. ನಿಮ್ಮ ಊರು ಯಾವುದು, ಆಂಜ್ಲು?”

ಅವನು ಮೊಂಡು ಬೆರಳುಗಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ.

“ಜೆಯ್ತುನ್‌ನಲ್ಲಿ ಹನ್ನೊಂದು ಸಾವಿರ ಜನ ಇದ್ದಾರೆ, ಮಿಸ್.”

“ಇದ್ದಾರೆ. ಈ ಪಾಸ್‌ವರ್ಡ್ ಗೊತ್ತಿರೋರು?”

ರೊಮೀನಾ ಫೋನ್ ಕೈಗೆತ್ತಿಕೊಂಡಳು. “ಒಂದೇ ಸಲ ಅವಕಾಶ. ಇವನ ಹೆಸರು ಹೇಳ್ಲಾ?”

“ಹೇಳಿ.”

ಅವಳು ಹೆಸರು ಹೇಳಿ, ಆ ಕಡೆಯವರು ಹುಡುಕುವವರೆಗೆ ಕಾದಳು. ರೊಮೀನಾ ಫೋನ್ ಇಳಿಸಿದಳು.

“ಹೌದಂತೆ.”

ಯಾರೂ ಕೇಳದಿದ್ದರೂ ಆಂಜ್ಲು ಹೇಳಿದ: “ಹಬ್ಬಕ್ಕೆ ಪಟಾಕಿ ಮಾಡೋ ಮನೆ ಸಿಡಿದಾಗ ನನ್ನ ಪಕ್ಕ ನಿಂತಿದ್ದವನು ಹೋದ. ನಾನು ಉಳಿದೆ. ಅವತ್ತೇ ಸಾಂತಾ ಕತರೀನಾಳಿಗೆ ಹರಕೆ ಹೊತ್ತೆ — ನಿನ್ನ ದಿನ ನಿನ್ನ ಮುಂದೆ ಶುದ್ಧ ಕೈಯಲ್ಲಿ ನಿಲ್ತೀನಿ ಅಂತ. ಮೂರ್ತಿ ಹೊರುವಾಗಲೂ ಆ ಕಳ್ಳತನ ನಡೀತಾ ಇರೋದು... ನನ್ನಿಂದಾಗಲಿಲ್ಲ.”

“ಮಿಕ್ಕ ದಿನಗಳಲ್ಲಿ ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ, ಆಂಜ್ಲು,” ಎಂದಳು ಸ್ಲಾವಿತ್ಸಾ. “ನನ್ನ ಹೆಸರಲ್ಲಿ ಮಾಡಿದ್ರಿ.”

ವಿಸ್ತಿನ್ ತನ್ನ ಕುರ್ಚಿಯನ್ನು ಆಂಜ್ಲುವಿನಿಂದ ದೂರಕ್ಕೆ ಎಳೆದುಕೊಂಡ.

ಹಿಂತಿರುಗುವಾಗ ಬಸ್ಸಿನಲ್ಲಿ ನಾನು ಕೇಳಿದೆ: “ಅವನು ಹರಕೆ ಮುರಿದಿದ್ರೆ ಸಿಕ್ಕಿಬೀಳ್ತಿರಲಿಲ್ಲ ಅಲ್ವಾ, ಮಿಸ್?”

“ಇಲ್ಲ. ಅವನಲ್ಲಿ ಉಳಿದಿದ್ದ ಒಳ್ಳೇದೇ ಅವನನ್ನ ಹಿಡಿದುಕೊಟ್ಟಿತು,” ಎಂದರು ಮಿಸ್, ಬಂದರಿನ ಕಡೆ ನೋಡುತ್ತ.

ಶುಕ್ರವಾರ ಸ್ಲಾವಿತ್ಸಾಳ ಮೇಜಿಗೆ ಹೋದೆ. ಮಗಳ ಫೋಟೊ ಅದರ ಜಾಗದಲ್ಲಿತ್ತು. ಪಾಸ್‌ವರ್ಡ್ ಬದಲಾಗಿತ್ತು. ಹೊಸದು ಅವಳೊಬ್ಬಳಿಗೇ ಗೊತ್ತು. ಅವಳು ಹಿಂದಿನ ದಿನದ ಎರಡು ಲೆಕ್ಕಗಳನ್ನು ನನ್ನತ್ತ ತಿರುಗಿಸಿದಳು. ಶೇಕಡಾ ಇಪ್ಪತ್ತಿದ್ದ ವ್ಯತ್ಯಾಸ 0.4ಕ್ಕೆ ಇಳಿದಿತ್ತು.