ಗಿರಣಿ ನಿಲ್ಲುತ್ತಿದ್ದ ಆ ಒಂದು ತಾಸು

ಓಡುತ್ತಿದ್ದಂತೆಯೇ ಮಥುರಾಳಿಗೆ ಉಸಿರು ಸಿಕ್ಕಿಕೊಂಡಿತು.

ಮೊದಲು ಗಂಟಲಲ್ಲಿ ಸಣ್ಣ ಉರಿ. ಆಮೇಲೆ ಮೂಗಿನೊಳಗೆ, ಕಣ್ಣಿನೊಳಗೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ದಾರಿಯೇ ಕಾಣದಾಯಿತು. ರಸ್ತೆ ಬದಿಗೆ ಕುಸಿದು ಕುಳಿತು ಎರಡೂ ಕೈಯಿಂದ ಕಣ್ಣು ಉಜ್ಜತೊಡಗಿದಳು.

"ತಿಕ್ಕಬ್ಯಾಡ್ರಿ... ಕೈ ತಗೀರಿ, ಇನ್ನೂ ಉರೀತದ."

ಯಾರದೋ ಗಂಡಸಿನ ದನಿ. ಮುಖದ ಹತ್ತಿರ ತಣ್ಣನೆಯ ಲೋಟ ಬಂತು.

"ಮಜ್ಜಿಗಿ ಐತಿ. ಒಂದು ಗುಟುಕು ಕುಡೀರಿ. ನೀರು ಕುಡದ್ರ ಖಾರ ಹೋಗಂಗಿಲ್ಲ."

ಕುಡಿದಳು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದಾಗ ಎದುರಿಗೆ ಒಬ್ಬ ಯುವಕ ಕುಕ್ಕರಗಾಲಲ್ಲಿ ಕುಳಿತಿದ್ದ. ಅಂಗಿಯ ತೋಳು, ಕೂದಲು, ಹುಬ್ಬು... ಎಲ್ಲವೂ ಕೆಂಪು ಪುಡಿಯಿಂದ ಮುಚ್ಚಿಹೋಗಿದ್ದವು. ಅವನ ಹಿಂದೆ ಮೆಣಸಿನಕಾಯಿ ಪುಡಿ ಮಾಡುವ ಹೊಸ ಗಿರಣಿ ಗರಗರ ಸದ್ದು ಮಾಡುತ್ತಿತ್ತು.

"ಈ ಗಿರಣಿ ನಿಮ್ದೇನು?"

"ಮಾಲೀಕರು ಬ್ಯಾರೆ ಅದಾರ. ಮಷೀನು ನಡಸಾಂವ ನಾನು."

"ನಡಸಾವ್ರು ನೀವ ಅಂದ ಮ್ಯಾಲ ತಪ್ಪೂ ನಿಮ್ದ. ಊರಾಗ ಉಸರಾಡಾಕ ಒಂದ ರಸ್ತಾ ಉಳದಿತ್ತು, ಅದನ್ನೂ ನುಂಗಿದ್ರಿ."

ಲೋಟವನ್ನು ಅವನ ಕೈಗೆ ಕೊಟ್ಟು ಎದ್ದಳು. ಅಷ್ಟರಲ್ಲಿ ಹಿಂದಿನಿಂದ ಸೈಕಲ್ ತುಳಿಯುತ್ತ ಅವಳ ಅಪ್ಪ ಅಣ್ಣಾಜಿ ಬಂದರು. ಅವರು ನಿವೃತ್ತ ಪೋಸ್ಟ್‌ಮನ್. ಮಗಳು ಬೆಳಗಿನ ಜಾವ ಓಡುವಾಗ ಜೊತೆಗೆ ಬರುವುದು ಅವರ ರೂಢಿ. ಮಥುರಾ ಅಪ್ಪನ ಜೊತೆ ಮನೆಯತ್ತ ನಡೆದಳು.

ಆ ಯುವಕ ಮಾತ್ರ ಲೋಟ ಹಿಡಿದು ಅಲ್ಲೇ ನಿಂತಿದ್ದ. ಅವನ ಹೆಸರು ಮಾಲತೇಶ.

ಅದು ತೊಂಬತ್ತೆಂಟರ ಜನವರಿ. ಹಾವೇರಿ ಜಿಲ್ಲೆಯಾಗಿ ಆರು ತಿಂಗಳೂ ತುಂಬಿರಲಿಲ್ಲ. ಬ್ಯಾಡಗಿಯಲ್ಲಿ ನೋಡನೋಡುತ್ತಲೇ ಕಟ್ಟಡಗಳು ಏಳುತ್ತಿದ್ದವು. ಮಥುರಾ ಶಾಲೆಯ ದಿನಗಳಲ್ಲಿ ಓಡುತ್ತಿದ್ದ ಬಯಲಿನಲ್ಲಿ ಈಗ ಸೈಟುಗಳ ಕಲ್ಲು ನಿಂತಿದ್ದವು. ಮಾರುಕಟ್ಟೆಯ ರಸ್ತೆಯಲ್ಲಿ ನಸುಕಿನಿಂದಲೇ ಲಾರಿಗಳ ಸಾಲು, ಕರಿ ಹೊಗೆ. ಉಳಿದಿದ್ದು ಕದರಮಂಡಲಗಿ ರಸ್ತೆ ಒಂದೇ. ಈಗ ಅಲ್ಲೂ ಗಿರಣಿ.

ಹಗಲಿಡೀ ಅವಳು ಸ್ಟೇಷನ್ ರಸ್ತೆಯ ಎಸ್‌ಟಿಡಿ ಬೂತಿನಲ್ಲಿ ಕೂರುತ್ತಿದ್ದಳು. ಇಪ್ಪತ್ಮೂರು ವರ್ಷದ ಹುಡುಗಿ ಯಾಕೆ ಓಡಬೇಕೆಂದು ಓಣಿಯವರು ಕೇಳುತ್ತಿದ್ದರು. ಅವಳಿಗೆ ಓಡದ ದಿನ ಬೆಳಗಾದದ್ದೇ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ಈ ಸಲ ಒಂದು ಆಸೆಯೂ ಇತ್ತು... ಫೆಬ್ರವರಿ ಕೊನೆಗೆ ಹಾವೇರಿಯಲ್ಲಿ ಹೊಸ ಜಿಲ್ಲೆಯ ಐದು ಸಾವಿರ ಮೀಟರ್ ಓಟ.

ಎರಡು ದಿನದ ಮೇಲೆ ಮಾಲತೇಶ ಬೂತಿಗೆ ಬಂದ. ಮೈಮೇಲೆ ಪುಡಿ ಇರಲಿಲ್ಲವಾದ್ದರಿಂದ ಮಥುರಾಳಿಗೆ ಮೊದಲು ಗುರುತೇ ಸಿಗಲಿಲ್ಲ.

"ಹುಬ್ಬಳ್ಳಿಗೆ ಒಂದು ಫೋನ್ ಮಾಡಬೇಕಿತ್ರಿ." ನಂಬರಿನ ಚೀಟಿ ಕೊಟ್ಟು, ತುಸು ತಡೆದು ಕೇಳಿದ. "ಕಣ್ಣು ಆರಾಮಾತ್ರಿ?"

ಅವಳ ಕೆನ್ನೆ ಬಿಸಿಯಾಯಿತು. 'ಅವತ್ತು ಅಷ್ಟು ಜೋರಾಗಿ ಬೈಯಬಾರದಿತ್ತು...'

"ಆರಾಮ ಅದೇನಿ. ಆ ದಿನ ಸಿಟ್ಟಿನ್ಯಾಗ ಏನೇನೋ ಅಂದೆ."

"ಅಂದದ್ದು ಖರೇನ ಐತಿ. ನೀವು ಎಷ್ಟು ಗಂಟೆಗೆ ಓಡ್ತೀರಿ?"

"ಐದೂವರಿಯಿಂದ ಆರೂವರಿ."

"ನಾಳೆಯಿಂದ ಓಡ್ರಿ. ಆ ಹೊತ್ತಿನ್ಯಾಗ ನಿಮಗ ತ್ರಾಸ ಆಗಂಗಿಲ್ಲ. ನಾ ನೋಡ್ಕೋತೀನಿ."

ನಂಬಿಕೆ ಬರಲಿಲ್ಲ. ಆದರೂ ಮರುದಿನ ಆ ರಸ್ತೆಗೆ ಹೋದಳು. ಗಿರಣಿ ಸದ್ದಿಲ್ಲದೆ ನಿಂತಿತ್ತು. ಗಾಳಿಯಲ್ಲಿ ಹೊಲದ ತಂಪು ವಾಸನೆ. ಬಹುಶಃ ಮಾಲೀಕರಿಗೆ ಹೇಳಿ ಒಪ್ಪಿಸಿರಬೇಕು ಎಂದುಕೊಂಡಳು. ಆ ದಿನ ಹಿಂದೆ ಸೈಕಲ್ ತುಳಿಯುತ್ತಿದ್ದ ಅಪ್ಪನೇ ಸುಸ್ತಾದರು.

ಅಂದಿನಿಂದ ಮಾಲತೇಶ ಎರಡು ದಿನಕ್ಕೊಮ್ಮೆ ಬೂತಿಗೆ ಬರತೊಡಗಿದ. ಗಿರಣಿಯ ಪುಡಿ ಹೊರಗೆ ಹಾರದಂತೆ ಕೊಳವೆಗೆ ದಪ್ಪ ಬಟ್ಟೆಯ ಚೀಲ ಕಟ್ಟಬೇಕೆಂಬುದು ಅವನ ಲೆಕ್ಕಾಚಾರ. ಅದಕ್ಕಾಗಿ ಹುಬ್ಬಳ್ಳಿಯವರೊಂದಿಗೆ ಮಾತು. ಫೋನ್ ಇಟ್ಟ ಮೇಲೂ ಹೋಗಲು ಅವನಿಗೆ ಅವಸರವಿರುತ್ತಿರಲಿಲ್ಲ.

"ಓಡುವಾಗ ಏನು ವಿಚಾರ ಮಾಡ್ತೀರಿ?" ಎಂದು ಒಮ್ಮೆ ಕೇಳಿದ.

"ಮೊದಲೆರಡು ಮೈಲಿ ಮನಿ ಕೆಲಸ. ಆಮ್ಯಾಲ ಏನೂ ಇಲ್ಲ... ಬರೀ ಉಸರು."

"ನನಗ ಹಂಗ ಖಾಲಿ ಆಗೂದ ಇಲ್ಲ ನೋಡ್ರಿ. ಮಷೀನು ಬಂದ್ ಇದ್ರೂ ತಲ್ಯಾಗ ತಿರಗತಿರ್ತದ."

"ಒಮ್ಮೆ ಓಡಿ ನೋಡ್ರಿ."

"ನಾನಾ? ಬಸ್ಸು ತಪ್ಪಿದ್ರೂ ಓಡಾವಲ್ಲ ನಾನು."

ಅವಳು ನಕ್ಕಳು. ಅವನು ಆ ನಗುವನ್ನೇ ನೋಡುತ್ತ ನಿಂತ. ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿದಾಗ ಇಬ್ಬರೂ ಬೆಚ್ಚಿದರು.

'ಇವತ್ತು ಬರ್ತಾರೋ ಇಲ್ಲೋ...' ಬೆಳಿಗ್ಗೆ ತಲೆ ಬಾಚುವಾಗಲೇ ಅವಳಿಗೆ ಆ ಯೋಚನೆ ಬರತೊಡಗಿತು.

ಓಟಕ್ಕೆ ಹತ್ತು ದಿನ ಉಳಿದಿತ್ತು. ಒಂದು ಬೆಳಿಗ್ಗೆ ದೂರದಿಂದಲೇ ಗಿರಣಿಯ ಸದ್ದು ಕೇಳಿಸಿತು. ಇವತ್ತೊಂದು ದಿನ ಏನೋ ಅಡಚಣೆ ಇರಬೇಕೆಂದು ಮೂಗಿಗೆ ದುಪಟ್ಟಾ ಹಿಡಿದು ದಾಟಿದಳು. ಮರುದಿನವೂ ಅದೇ. ಬೂತಿಗೂ ಅವನು ಬರಲಿಲ್ಲ. ಮೂರನೆಯ ದಿನ ಗಿರಣಿ ದಾಟುವಷ್ಟರಲ್ಲಿ ಎದೆ ಹಿಡಿದುಕೊಂಡಿತು. ಅಣ್ಣಾಜಿ ಸೈಕಲ್ ಬಿಸಾಡಿ ಮಗಳನ್ನು ಹಿಡಿದುಕೊಂಡರು. ಮಾರುಕಟ್ಟೆಗೆ ಹೊರಟಿದ್ದ ಟೆಂಪೋದಲ್ಲಿ ಅವಳನ್ನು ದವಾಖಾನೆಗೆ ಒಯ್ದರು.

"ಎರಡು ತಿಂಗಳು ಓಡಬಾರದು," ಎಂದರು ಡಾಕ್ಟರು. "ಓಡಿದರೆ ಈ ಉಬ್ಬಸ ಜೀವನಪರ್ಯಂತ ಉಳಿದುಬಿಡುತ್ತದೆ."

ಹಾವೇರಿಯ ಓಟ ಅಲ್ಲಿಗೆ ಮುಗಿಯಿತು.

ಮಥುರಾ ಅಳಲಿಲ್ಲ. ಮನೆಗೆ ಬಂದು ಪುರಸಭೆಗೆ ಅರ್ಜಿ ಬರೆಯಲು ಕುಳಿತಳು. ಗಿರಣಿ ಪಕ್ಕದ ಓಣಿಯ ಮಕ್ಕಳ ಕೆಮ್ಮು, ಬಾವಿಯ ನೀರಿನ ಮೇಲೆ ತೇಲುವ ಪುಡಿ, ಎಲ್ಲವನ್ನೂ ಬರೆದಳು. ಕೊನೆಗೆ ಇನ್ನೊಂದು ಸಾಲು ಸೇರಿಸಿದಳು: 'ಗಿರಣಿಯ ಮೆಕ್ಯಾನಿಕ್ ಮಾಲತೇಶಪ್ಪ ಎಂಬುವವರು ನಸುಕಿನಲ್ಲಿ ಗಿರಣಿ ನಡೆಸುವುದಿಲ್ಲವೆಂದು ಮಾತು ಕೊಟ್ಟು, ಬೇಕೆಂದೇ ನಡೆಸುತ್ತಿದ್ದಾರೆ.' ಅರವತ್ತು ಜನ ಸಹಿ ಹಾಕಿದರು.

ಮತ್ತೆರಡು ದಿನ ಕಳೆದ ಮೇಲೆ ಅವನು ಬೂತಿಗೆ ಬಂದ. ಕೈಯಲ್ಲಿ ಮಡಚಿದ ದಪ್ಪ ಬಟ್ಟೆಯ ತುಂಡು. ಮುಖ ಬಾಡಿತ್ತು.

"ಮಥುರಾ, ಒಂದು ಮಾತು..."

"ಕೊಟ್ಟ ಮಾತು ತಪ್ಪಾವ್ರ ಜೋಡಿ ನನ್ನ ಮಾತಿಲ್ರಿ."

ಹೇಳುವಾಗಲೇ ಕೆಮ್ಮು ಬಂತು. ಸೆರಗು ಬಾಯಿಗೆ ಹಿಡಿದು ಬಹಳ ಹೊತ್ತು ಕೆಮ್ಮಿದಳು. ಅವನು ಬಟ್ಟೆಯ ತುಂಡನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡ.

"ಔಷಧ ತಪ್ಪಸಬ್ಯಾಡ್ರಿ," ಅಷ್ಟೇ ಹೇಳಿ ಹೊರಟುಹೋದ.

ಆಮೇಲೆ ಬ್ಯಾಡಗಿಯಲ್ಲಿ ಅವನು ಕಾಣಿಸಲಿಲ್ಲ.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಹೊಳಿಯವ್ವ ಬೂತಿಗೆ ಬಂದಳು. ಗಿರಣಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸು. ದಾವಣಗೆರೆಯ ಮಗಳಿಗೆ ಫೋನ್ ಮಾಡಿ ಮುಗಿಸಿದವಳು ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಂಡಳು.

"ಹೊಸಾ ಮೆಕ್ಯಾನಿಕ್ ಬಂದಾನಲ್ಲ ತಂಗಿ, ಉಸರ ಬಿಡಾಕ ಕೊಡವಲ್ಲ ಅಂವಾ. ಮಾಲತೇಶಣ್ಣ ಇದ್ದಾಗ ಮುಂಜಾನೆ ಒಂದು ತಾಸು ಮಷೀನು ಬಂದ್ ಇಡ್ತಿದ್ದ. ನಮಗೂ ಆರಾಮಿತ್ತು."

ಬಿಲ್ಲು ಬರೆಯುತ್ತಿದ್ದ ಮಥುರಾಳ ಕೈ ನಿಂತಿತು. "ಸಾಹುಕಾರ್ರು ಒಪ್ಪಿದ್ರಲ್ಲ ಅದಕ್ಕ?"

"ಯಾವ ಸಾಹುಕಾರ? ಅವರಿಗೆ ಗೊತ್ತ ಇರಲಿಲ್ಲ. ಕರೆಂಟ್ ಬರೂದ ನಸುಕಿನ್ಯಾಗ ನಾಕು ತಾಸು, ಅದರಾಗ ಒಂದು ತಾಸು ಬಿಡೂದಂದ್ರ ಸಣ್ಣ ಮಾತೇನು? ಯಾಕೋ ಅಂತ ಕೇಳಿದ್ರ, ಬೆಲ್ಟ್ ಬಿಸಿ ಆಗ್ಯಾವ ದೊಡ್ಡವ್ವ ಅಂತಿದ್ದ. ಬಾಗಲದಾಗ ನಿಂತು ರಸ್ತಾ ನೋಡ್ತಿದ್ದ."

"ಮತ್ತ... ನಡುವ ಮೂರು ದಿನ ನಡೀತಲ್ಲ?"

"ಹುಬ್ಬಳ್ಳಿಗೆ ಹೋಗಿದ್ನಲ್ಲ, ಚೀಲಕ್ಕ ದಪ್ಪ ಅರಿವಿ ತರಾಕ. ಸಾಹುಕಾರ್ರ ಅಳಿಯ ನಡಸಿದ. ಇಂವಾ ಬರೂದ್ರಾಗ ಯಾರೋ ಅರ್ಜಿ ಕೊಟ್ಟಿದ್ರು, ಇವನ ಹೆಸರು ಬರದು. ತಪ್ಪೆಲ್ಲಾ ಇವನ ಮ್ಯಾಲ ಹಾಕಿ ಕೆಲಸಾ ಬಿಡಿಸಿದ್ರು. ಈಗ ರಾಣೇಬೆನ್ನೂರಾಗ ಯಾವುದೋ ವರ್ಕ್‌ಶಾಪಿನ್ಯಾಗ ಅದಾನಂತ."

ಹೊಳಿಯವ್ವ ಹೋದ ಮೇಲೂ ಮಥುರಾ ಫೋನಿನ ಮುಂದೆ ಹಾಗೆಯೇ ಕುಳಿತಿದ್ದಳು. 'ನನಗಾಗಿ ಕೆಲಸ ಪಣಕ್ಕಿಟ್ಟವರ ಹೆಸರನ್ನು ನಾನೇ ಬರೆದುಕೊಟ್ಟೆನಲ್ಲ... ಅವತ್ತು ಒಂದು ಮಾತು ಕೇಳಿದ್ದರೆ ಸಾಕಿತ್ತು.'

ಮರುದಿನ ಅಪ್ಪನನ್ನು ಕರೆದುಕೊಂಡು ಗಿರಣಿಯ ಆಫೀಸಿಗೆ, ಸಾಹುಕಾರ ಚನ್ನಬಸಪ್ಪನವರಲ್ಲಿಗೆ ಹೋದಳು.

"ಅರ್ಜಿಯೊಳಗ ನಾನು ಒಂದು ಸುಳ್ಳು ಬರದೇನ್ರಿ. ಮಾಲತೇಶ ಅವರ ತಪ್ಪಿಲ್ಲ. ಅವರನ್ನ ವಾಪಸ್ ಕರಸ್ರಿ."

ಚನ್ನಬಸಪ್ಪ ಶಾಂತವಾಗಿಯೇ ಮಾತಾಡಿದರು. "ಕುಂದ್ರಿ ತಂಗಿ. ನಿಮ್ಮ ಅರ್ಜಿ ಜಿಲ್ಲಾ ಕಚೇರಿ ಮುಟ್ಯಾದ. ನೀವ ಒಂದು ಕಾಗದ ಬರದುಕೊಡ್ರಿ, ಗಿರಣಿಯಿಂದ ಯಾರಿಗೂ ತ್ರಾಸಿಲ್ಲ ಅಂತ. ನಾಳೆ ಅವನ್ನ ಕರಸ್ತೀನಿ. ಪಗಾರ ಮೊದಲಿನಕಿಂತ ಹೆಚ್ಚ ಕೊಡ್ತೀನಿ."

ಬಿಳಿ ಹಾಳೆ, ಪೆನ್ನು ಮುಂದೆ ಬಂದವು.

ಮಥುರಾ ಪೆನ್ನು ಹಿಡಿದಳು. ಎರಡು ಸಾಲು ಬರೆದರೆ ಸಾಕು, ಅವನು ಬರುತ್ತಾನೆ. ಬೂತಿನ ಬಾಗಿಲಲ್ಲಿ ಮತ್ತೆ ನಿಲ್ಲುತ್ತಾನೆ. ಪಕ್ಕದ ಗೋಡೆಯಾಚೆ ತೊಟ್ಟು ಬಿಡಿಸುವ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಕೆಮ್ಮುತ್ತಿದ್ದರು.

ಅವಳು ಬರೆದಳು. ಆದರೆ ಬೇರೆಯದನ್ನು. 'ಮಾಲತೇಶಪ್ಪನವರ ಬಗ್ಗೆ ನಾನು ಬರೆದದ್ದು ತಪ್ಪು. ಉಳಿದದ್ದೆಲ್ಲ ಸತ್ಯ.' ಕೆಳಗೆ ಸಹಿ ಹಾಕಿ ಹಾಳೆಯನ್ನು ಅವರ ಮುಂದೆ ಸರಿಸಿದಳು.

ಚನ್ನಬಸಪ್ಪ ಓದಿ ಹಾಳೆ ಹಿಂದಿರುಗಿಸಿದರು. "ಇದರಿಂದ ಅವನಿಗೆ ಕೆಲಸ ಸಿಗಂಗಿಲ್ಲ."

"ಗೊತ್ತೈತ್ರಿ. ಇದನ್ನ ಪುರಸಭೆಗೆ ಕೊಡ್ತೀನಿ."

ಹೊರಗೆ ಬಂದ ಮೇಲೆ ಅವಳಿಗೆ ಅಳು ಬಂತು. ಅಣ್ಣಾಜಿ ಮಗಳ ತಲೆಯ ಮೇಲೆ ಕೈಯಿಟ್ಟರು.

"ಅಂವಾ ಒಳ್ಳೆ ಮನಶಾ ಏನವ್ವಾ?"

"ಹೌದಪ್ಪಾ."

"ಹಂಗಾರ ರಾಣೇಬೆನ್ನೂರು ಏನು ದೂರ ಐತಿ?"

ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಹೋದರು. ಹೆದ್ದಾರಿಯ ಬದಿಯ ವರ್ಕ್‌ಶಾಪ್ ಹುಡುಕಲು ಕಷ್ಟವಾಗಲಿಲ್ಲ. ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುವುದಾಗಿ ಹೇಳಿ ಅಣ್ಣಾಜಿ ಅಲ್ಲೇ ಉಳಿದರು.

ಮಾಲತೇಶ ಮೋಟಾರೊಂದನ್ನು ಬಿಚ್ಚುತ್ತ ಕುಳಿತಿದ್ದ. ತಲೆ ಎತ್ತಿದವನು ಹಾಗೆಯೇ ಎದ್ದು ನಿಂತ.

"ಕೆಮ್ಮು ಹೆಂಗೈತ್ರಿ?" ಅವನ ಮೊದಲ ಮಾತು ಅದೇ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಮಥುರಾಳಿಗೆ ಮರೆತುಹೋದವು.

"ಅರ್ಜಿ ಬರದಾಕಿ ನಾನು. ನಿಮ್ಮ ಹೆಸರು ಹಾಕಿದಾಕೀನೂ ನಾನ."

"ಗೊತ್ತಿತ್ತು. ಸಾಹುಕಾರ್ರು ತೋರಿಸಿದ್ರು. ಬೂತಿನ್ಯಾಗ ನಿಮ್ಮ ಅಕ್ಷರ ಬಂದಾಗೊಮ್ಮೆ ನೋಡ್ತಿದ್ನಲ್ಲ."

"ಗೊತ್ತಿದ್ದೂ ಯಾಕ ಹೇಳಲಿಲ್ಲ? ಆವತ್ತ ಬೈದು ಹೇಳಬೇಕಿತ್ತು ನನಗ."

"ನೀವು ಹಂಗ ಕೆಮ್ಮಾಕತ್ತಿದ್ರಿ. ನಾನು ಹುಬ್ಬಳ್ಳಿಗೆ ಹೋಗೂ ಮುಂದ ಒಂದು ಮಾತು ಹೇಳಿ ಹೋಗಿದ್ರ ಆ ಕೆಮ್ಮ ಬರ್ತಿರಲಿಲ್ಲ ಅನಿಸ್ತು. ಹೊರಡೂ ದಿನ ಬೂತಿಗೆ ಬಂದಿದ್ದೆ, ಮಂದಿ ಭಾಳ ಇದ್ರು... ತಿರುಗಿ ಹೋದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಂದು ಹೇಳಬೇಕು. ಗಿರಣಿಯಿಂದ ತ್ರಾಸಿಲ್ಲ ಅಂತ ಬರದುಕೊಟ್ರ ನಿಮಗ ಕೆಲಸ ವಾಪಸ್ ಕೊಡ್ತೀನಿ ಅಂದ್ರು. ನಾನು ಬರೀಲಿಲ್ಲ. ನಿಮಗ ಸಿಟ್ಟು ಬಂದ್ರ ಬರಲಿ..."

ಮಾಲತೇಶ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಆ ದಿನ ಮೊದಲ ಸಲ ಅವನ ಮುಖದಲ್ಲಿ ನಗು ಮೂಡಿತು.

"ಹಂಗ ಬರದುಕೊಟ್ಟಿದ್ರ ಸಿಟ್ಟು ಬರ್ತಿತ್ತು."

ಹೆದ್ದಾರಿಯ ಲಾರಿಯೊಂದು ಹೊಗೆ ಬಿಡುತ್ತ ಹೋಯಿತು. ಅವನು ತಕ್ಷಣ ಮುಂದೆ ಬಂದು, ಅವಳಿಗೆ ಹೊಗೆ ತಾಗದಂತೆ ರಸ್ತೆಯ ಕಡೆಗೆ ನಿಂತ.

"ಇಲ್ಲೂ ಹಿಂಗ. ಆದ್ರ ಊರ ಹೊರಗ ಜಿಂಕಿ ಕಾಡಿನ ಕಡೆ ಒಂದು ಮಣ್ಣಿನ ಹಾದಿ ಐತಿ. ಪ್ರತಿ ಐತವಾರ ಹೋಗಿ ನೋಡೇನಿ. ಲಾರಿ ಬರಂಗಿಲ್ಲ. ಎರಡೂವರಿ ಮೈಲಿ ಸಪಾಟು."

"ನಾ ಓಡಾವಲ್ಲ ಅಂದವ್ರು ಹಾದಿ ಯಾಕ ಹುಡುಕಿದ್ರಿ?"

ಅವನು ಕೈಯ ಗ್ರೀಸು ಒರೆಸುತ್ತ ನೆಲ ನೋಡಿದ. "ನೀವು ಬರ್ತೀರಂತ ಅಲ್ಲ. ಬರಲಿಕ್ಕಿಲ್ಲ ಅಂತನ ಅನಕೊಂಡಿದ್ದೆ. ಆದ್ರೂ ನಿಮಗ ಒಂದು ಹಾದಿ ಇರಬೇಕನಿಸ್ತು."

ಅವಳು ಎದುರಿನ ಅಂಗಡಿಯತ್ತ ಕೈ ತೋರಿಸಿದಳು.

"ಅಪ್ಪ ಅಲ್ಲಿ ಚಹಾ ಕುಡೀಲಿಕತ್ತಾರ," ಎಂದಳು. "ಹೋಗಿ ಮಾತಾಡ್ರಿ. ನನ್ನ ಕೇಳೂದು ಬ್ಯಾಡ. ನಂದು ಹೂಂ ಐತಿ."

ಮೇ ತಿಂಗಳಲ್ಲಿ ಮದುವೆಯಾಯಿತು. ಗಿರಣಿಗಳಿಗೆ ಬಟ್ಟೆಯ ಚೀಲ ಕಟ್ಟಬೇಕೆಂದು ಪುರಸಭೆ ನೋಟೀಸು ಕೊಟ್ಟಿತ್ತು. ಕೆಲವರು ಕಟ್ಟಿದರು, ಕೆಲವರು ಕಟ್ಟಲಿಲ್ಲ. ಕಟ್ಟಿದವರೆಲ್ಲ ಕರೆಸಿದ್ದು ಮಾಲತೇಶನನ್ನೇ.

ಮದುವೆಯಾದ ಎರಡನೆಯ ಭಾನುವಾರ, ಡಾಕ್ಟರರ ಅನುಮತಿ ಪಡೆದು, ಮಥುರಾ ಆ ಮಣ್ಣಿನ ಹಾದಿಗೆ ಬಂದಳು. ಜೊತೆಗೆ ಓಡುತ್ತೇನೆಂದು ಮಾಲತೇಶ ಹಟ ಹಿಡಿದಿದ್ದ. ಅರ್ಧ ಮೈಲಿಗೇ ಸೊಂಟ ಹಿಡಿದು ನಿಂತ.

"ನೀ ಮುಂದ ಹೋಗು," ಎಂದ ಏದುಸಿರು ಬಿಡುತ್ತ. "ನಿನ್ನ ಓಟ ಯಾಕ ಕೆಡಸ್ಲಿ?"

"ಇವತ್ತ ಮುಂದ ಹೋಗಂಗಿಲ್ಲ."

"ಮತ್ತ?"

ಅವಳು ಅವನ ಬೆವರಿದ ಅಂಗೈಯನ್ನು ತನ್ನ ಕೈಯೊಳಗೆ ಸೇರಿಸಿಕೊಂಡಳು.

"ಸಾವಕಾಶ ನಡಿಯೋಣು. ಹಾದಿ ಉದ್ದ ಐತಿ."