ಪ್ರಫುಲ್ಲಳ ಆಕ್ಷೇಪಣೆ

ಮದುವೆಗೆ ಮುಂಚಿನ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಚರ್ಚಿನಲ್ಲಿ ಓದಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳುವುದು ಪದ್ಧತಿ. ತುಮಕೂರಿನ ಆ ಚರ್ಚಿನಲ್ಲಿ ಇಷ್ಟು ವರ್ಷ ಯಾರೂ ತುಟಿಪಿಟಕ್ ಎಂದಿರಲಿಲ್ಲ. ತೊಂಬತ್ತೆಂಟರ ಒಂದು ಭಾನುವಾರ, ಎರಡನೆಯ ಸಲ ಓದಿದಾಗ, ಮದುಮಗಳೇ ಎದ್ದು ನಿಂತಳು.

"ನಂದೇ ಇದೆ ಅಯ್ಯನೋರೆ," ಎಂದಳು ಪ್ರಫುಲ್ಲಾ.

ತಾಯಿ ಮಾರ್ಥಮ್ಮ ಸೆರಗು ಜಗ್ಗಿದರು. ಅವಳು ಕೂರಲಿಲ್ಲ. ಪಕ್ಕದಲ್ಲಿ ಮದುಮಗ ದೇವಪ್ರಿಯ ಕೂರಬೇಕಾದ ಜಾಗ ಹೋದ ವಾರದಂತೆಯೇ ಖಾಲಿ. ಹೋದ ವಾರ ಕುಣಿಗಲ್‌ನಲ್ಲಿ ಅವನ ಧರ್ಮಬೋಧನೆಯ ಪ್ರಸಂಗ, ಈ ವಾರ ಗುಬ್ಬಿಯಲ್ಲಿ. ವಾರವಿಡೀ ಹಿರೇಹಳ್ಳಿಯ ಫ್ಯಾಕ್ಟರಿ ಕೆಲಸ, ಸಂಜೆಯಾದರೆ ಮನೆ ಪ್ರಾರ್ಥನೆ, ಯೂತ್ ಮೀಟಿಂಗ್, ಕ್ವಯರ್. ದೇವರ ಕೆಲಸದಲ್ಲಿ ಫಲ ಕೊಡುವ ಹುಡುಗ ಎಂದು ಸಭೆಯವರೆಲ್ಲ ಹೊಗಳುವವರೇ. ಆ ಹೊಗಳಿಕೆ ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು.

"ವಿಚಾರಿಸೋಣಮ್ಮ," ಎಂದು ಪಾದ್ರಿ ಅಯ್ಯನವರು ಕನ್ನಡಕ ಒರೆಸಿಕೊಂಡರು.

ಯಾರೋ ಎಸ್‌ಟಿಡಿ ಬೂತಿನಿಂದ ಗುಬ್ಬಿಗೆ ಫೋನ್ ಮಾಡಿದ್ದರು. ಸಂಜೆ ನಾಲ್ಕಕ್ಕೆ ದೇವಪ್ರಿಯ ಅವಳ ಮನೆಯ ಜಗಲಿಯ ಮುಂದೆ ಹಾಜರು. ಮುಖ ಕೆಂಪಾಗಿತ್ತು. ಕೋಪ ಆ ಮುಖಕ್ಕೆ ಚೆನ್ನಾಗಿ ಒಪ್ಪುತ್ತಿತ್ತು. ಅದೂ ಅವಳಿಗೆ ಸಿಟ್ಟು ತರಿಸಿತು.

"ಮರ್ಯಾದೆ ತೆಗೆದ್ಯಲ್ಲ ಪ್ರಫುಲ್ಲಾ. ಮದುವೆ ನಿಂತೋಗ್ಲಿ ಅಂತಾನಾ? ದೇವರ ಕೆಲಸಕ್ಕೆ ತಾನೆ ಹೋಗಿದ್ದು ನಾನು?"

"ಏನ್ ಪ್ರಸಂಗ ಮಾಡಿದ್ರಿ ಇವತ್ತು?"

"ಬೈಬಲ್ಲಿನ ದ್ರಾಕ್ಷಿಬಳ್ಳೀದು. ಸ್ವಾಮಿ ಬಳ್ಳಿ, ನಾವು ಕೊಂಬೆ. ಬಳ್ಳೀಲಿ ನೆಲೆ ನಿಂತ್ರೇನೆ ಕೊಂಬೆ ಹಣ್ಣು ಬಿಡೋದು ಅಂತ."

"ಹೋದ್ವಾರ?"

ಅವನು ತಡವರಿಸಿದ. "ಅದೇ."

"ಒಂದ್ ಕಡೆ ಅರ್ಧ ಗಂಟೆ ಕೂರದೋರು ನೆಲೆ ನಿಲ್ಲಿ ಅಂತ ಊರಿಗೆಲ್ಲ ಹೇಳ್ಕೊಂಡ್ ಬರ್ತೀರ. ನನ್ ಜೊತೆ ಕೂರೋದು ಆಮೇಲಿರ್ಲಿ ಬಿಡಿ. ದೇವರ ಜೊತೆ ಯಾವಾಗ ಕೂತಿದ್ರಿ? ಬೇರೆಯವ್ರಿಗೋಸ್ಕರ ಅಲ್ಲ, ನಿಮ್ ಪಾಡಿಗೆ ನೀವು."

ಯಾವ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿರುವ ಮನುಷ್ಯ ಜಗಲಿಯ ಮೇಲೆ ಕುಸಿದು ಕೂತ.

"ಜ್ಞಾಪಕ ಇಲ್ಲ," ಎಂದ. "ಬೈಬಲ್ ತೆಗೆದ್ರೆ ಪ್ರಸಂಗಕ್ಕೆ ಪಾಯಿಂಟ್ ಹುಡುಕ್ತೀನಿ. ಕಣ್ಮುಚ್ಚಿದ್ರೆ ಮುಂದಿನ ಬಸ್ ಟೈಮು. ಒಳಗೆಲ್ಲ ಒಣಗೋಗಿದೆ ಕಣೇ. ಹತ್ರ ಕೂತ್ರೆ ನಿಂಗೆ ಗೊತ್ತಾಗ್ಬಿಡುತ್ತೆ ಅಂತ ಭಯ ಆಯ್ತು. ಅದಕ್ಕೇ ಕರೆದ ಕಡೆಗೆಲ್ಲ ಒಪ್ಕೊಂಡೆ."

ಬೈಯಲು ಅವಳ ಹತ್ತಿರ ಇನ್ನೂ ಮೂಟೆಯಷ್ಟಿತ್ತು. ಈ ಮನುಷ್ಯ ನೆಟ್ಟಗೆ ಬೈಯುವುದಕ್ಕೂ ಬಿಡುವುದಿಲ್ಲವಲ್ಲ ಎಂದು ರೇಗಿತು. ಅದರ ಬೆನ್ನಿಗೇ, ನಿಶ್ಚಿತಾರ್ಥದ ದಿನವೂ ಇಲ್ಲದಷ್ಟು ಪ್ರೀತಿ ಬಂತು. ಪಕ್ಕದಲ್ಲಿ ಕೂತಳು.

"ಈಗ ಮಾಡಿ ಪ್ರಾರ್ಥನೆ."

"ಏನಂತ?"

"ನನ್ನನ್ ಕೇಳ್ಬೇಡಿ."

ಅವನು ಕಣ್ಣು ಮುಚ್ಚಿದ. ಮಾರ್ಥಮ್ಮ ಎರಡು ಸಲ ಬಾಗಿಲಿಗೆ ಬಂದು, ಕಾಫಿ ಆರುತ್ತದೆ ಎಂದು ಗೊಣಗಿಕೊಂಡು ಒಳಗೆ ಹೋದರು.

"ತಂದೆಯೇ, ಸುಸ್ತಾಗಿದೀನಿ," ಎಂದಿತು ಮೈಕ್ ಇಲ್ಲದೆ ಇಡೀ ಬೀದಿಗೆ ಕೇಳಿಸುವ ಗಂಟಲು, ಮೆಲ್ಲಗೆ.

ಅಷ್ಟೇ ಪ್ರಾರ್ಥನೆ. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಪ್ರಫುಲ್ಲಾ ಅವನ ಕೈ ಹಿಡಿದು, "ಆಮೆನ್" ಎಂದಳು.

"ಮುಂದಿನ ಭಾನುವಾರ ಹೆಬ್ಬೂರಿಗೆ ಒಪ್ಕೊಂಡ್ಬಿಟ್ಟಿದೀನಿ," ಎಂದ ಅವನು, ಕಣ್ಣು ಬಿಡದೆ.

"ಬರಲ್ಲ ಅಂತ ಹೇಳಿ. ಅವತ್ತು ಮೂರನೇ ಸಲ ನಮ್ ಹೆಸರು ಓದ್ತಾರೆ."

"ಈಗ್ಲೇ ಹೋಗಿ ಹೇಳ್ಬಿಟ್ ಬರ್ಲಾ?"

"ಕೂತ್ಕೊಳ್ರೀ ಸುಮ್ನೆ," ಎಂದಳು ಪ್ರಫುಲ್ಲಾ, ಹಿಡಿದ ಕೈ ಬಿಡದೆ.